ಪ್ರೀತಿ ವಿಶ್ವಾಸದಿಂದ ಕೊಟ್ಟ ಹೊಲ ಮತ್ತು ಉತಾರದ 11ನೇ ಕಾಲಂ

ಇದು ಬಾಗಲಕೋಟೆ ಜಿಲ್ಲೆಯ ಪ್ರಕರಣ. ಊರಿನ ಹೆಸರು ಬೇಡ, ಘಟಪ್ರಭಾ ದಂಡೆಯ ಊರು ಅಂದರೆ ಸಾಕು. ಹೊಲದ ಅಳತೆ, ವಯಸ್ಸು, ಒಂದೆರಡು ತಿಂಗಳನ್ನು ಆಚೀಚೆ ಮಾಡಿದ್ದೇನೆ. ಯಾರಿಗೂ ಸುಳ್ಳು ಹೆಸರು ಇಟ್ಟಿಲ್ಲ, ಹೆಸರೇ ಹಾಕಿಲ್ಲ. ತಾಯಿಯನ್ನು ಅವ್ವ ಅಂತ ಕರೆಯುತ್ತೇನೆ, ಎದುರಿಗೂ ನಾನು ಕರೆಯುವುದು ಹಾಗೆಯೇ. ಉಳಿದವರು ದೊಡ್ಡ ಮಗ, ಸಣ್ಣ ಮಗ, ಮಗಳು, ಸೊಸೆ. ನಾನು ವಕೀಲ. ಈ ಕೇಸಿನಲ್ಲಿ ನಾನು ಎರಡು ತಪ್ಪು ಮಾಡಿದೆ, ಬರೆಯುವುದಕ್ಕೆ ಅದೂ ಒಂದು ಕಾರಣ.

ಅವ್ವನ ತವರಿನ ಹೊಲ ಆಲಮಟ್ಟಿ ಹಿನ್ನೀರಿನಲ್ಲಿ ಹೋಯಿತು. ನಮ್ಮ ಕಡೆ ಇದನ್ನು ಮುಳುಗಡೆ ಅಂತ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಅವಳ ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ, ಹಾಗಾಗಿ ಪರಿಹಾರದ ದುಡ್ಡು ಅವಳಿಗೆ ಬಂತು. ಆ ದುಡ್ಡಿನಲ್ಲಿ ಗಂಡನ ಊರಿನಲ್ಲಿ 3 ಎಕರೆ 10 ಗುಂಟೆ ನೀರಾವರಿ ಹೊಲ ತೆಗೆದುಕೊಂಡಳು, ತನ್ನ ಹೆಸರಿಗೇ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ ಪ್ರಕಾರ ಅದು ಪೂರ್ತಿ ಅವಳದೇ ಆಸ್ತಿ. ಗಂಡನದಲ್ಲ, ಮಕ್ಕಳದಲ್ಲ. ಯಾರಿಗೆ ಬೇಕಾದರೂ ಕೊಡಬಹುದು.

ಕೊಟ್ಟಳು. 2019ರಲ್ಲಿ, ಪೂರ್ತಿ ಹೊಲವನ್ನು ಸಣ್ಣ ಮಗನಿಗೆ.

ಯಾಕೆ ಅವನಿಗೊಬ್ಬನಿಗೇ ಅಂತ ಮೊದಲ ದಿನವೇ ಕೇಳಿದ್ದೆ. ಅವಳ ಲೆಕ್ಕ ಸರಿಯಾಗಿಯೇ ಇತ್ತು. ದೊಡ್ಡವನ ಎಂಜಿನಿಯರಿಂಗ್ ಓದಿಗೆ ಬಂಗಾರ ಹೋಯಿತು, ಪುಣೆಯಲ್ಲಿ ಅವನು ಫ್ಲಾಟ್ ತೆಗೆದುಕೊಂಡಾಗ ಉಳಿದ ಬಂಗಾರವೂ ಹೋಯಿತು. ಸಣ್ಣವನು ಹತ್ತನೇ ಕ್ಲಾಸಿಗೆ ಸಾಲಿ ಬಿಟ್ಟು ಹೊಲ ಹಿಡಿದ. ಅಪ್ಪ ಮಲಗಿದ ಎರಡು ವರ್ಷ ಎತ್ತಿ ಇಳಿಸಿದವನು ಅವನೇ. ಮಗಳನ್ನು ವಿಜಯಪುರ ಜಿಲ್ಲೆಗೆ ಕೊಟ್ಟಿದ್ದರು, ಅವಳಿಗೆ ಪಂಚಮಿಗೊಂದು ಸೀರೆ, ಕುಬಸ. ಅದರಾಚೆಗೆ ಯಾರೂ ಯೋಚನೆ ಮಾಡಲಿಲ್ಲ, ಅವ್ವನೂ ಮಾಡಲಿಲ್ಲ.

ಬಕ್ಷೀಸ ಪತ್ರ, ಅಂದರೆ ದಾನಪತ್ರ, ಬರೆದದ್ದು ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರಿನ ಬಾಂಡ್ ರೈಟರ್. ಅವರ ಕಂಪ್ಯೂಟರಿನಲ್ಲಿ ಒಂದು ನಮೂನೆ ಇರುತ್ತದೆ. ಹೆಸರು, ಸರ್ವೆ ನಂಬರು, ಚೆಕ್ಕುಬಂದಿ ಬದಲಿಸಿದರೆ ಪತ್ರ ತಯಾರು. ಆ ನಮೂನೆಯ ಒಂದು ಸಾಲನ್ನು ಇಲ್ಲಿ ಇಡುತ್ತೇನೆ, ಮುಂದೆ ಇಡೀ ಕೇಸು ಇದರ ಸುತ್ತಲೇ ತಿರುಗಿತು: "ನೀನು ನನ್ನ ಸ್ವಂತ ಮಗನಿದ್ದು, ನನ್ನ ಸೇವೆ ಚಾಕರಿ ಮಾಡುತ್ತಾ ಬಂದಿದ್ದು, ನಿನ್ನ ಮೇಲಿನ ಪ್ರೀತಿ ವಿಶ್ವಾಸದಿಂದ ಈ ಆಸ್ತಿಯನ್ನು ನಿನಗೆ ಬಕ್ಷೀಸ ಕೊಟ್ಟಿರುತ್ತೇನೆ."

ಅವ್ವ ಹೆಬ್ಬೆಟ್ಟು ಒತ್ತಿದಳು. ಇಬ್ಬರು ಸಾಕ್ಷಿದಾರರು ಸಹಿ ಹಾಕಿದರು. ಹೊಲ ಮಾರಿದರೆ ಸರ್ಕಾರ ಬೆಲೆಯ ಮೇಲೆ ಶೇಕಡಾ ಲೆಕ್ಕದಲ್ಲಿ ಸ್ಟ್ಯಾಂಪ್ ಶುಲ್ಕ ತೆಗೆದುಕೊಳ್ಳುತ್ತದೆ. ಮನೆಯವರಿಗೆ ಬಕ್ಷೀಸ ಕೊಟ್ಟರೆ ಒಂದು ಸಣ್ಣ ನಿಗದಿತ ಮೊತ್ತ ಕಟ್ಟಿದರೆ ಮುಗಿಯಿತು. ರಕ್ತಸಂಬಂಧಕ್ಕೆ ಸರ್ಕಾರವೂ ರಿಯಾಯಿತಿ ಕೊಡುತ್ತದೆ ನೋಡಿ. ಆಮೇಲೆ ಹೆಸರು ಬದಲಾವಣೆಯ ವರ್ದಿ ಹೋಯಿತು, ಉತಾರದ, ಅಂದರೆ ಪಹಣಿಯ, ಮಾಲೀಕರ ಹೆಸರಿನ 9ನೇ ಕಾಲಂನಲ್ಲಿ ಸಣ್ಣವನ ಹೆಸರು ಬಂತು. ಅವ್ವ ಅವತ್ತು ಮನೆಯಲ್ಲಿ ಹೋಳಿಗೆ ಮಾಡಿಸಿದ್ದಳಂತೆ.

ಎರಡು ಗುಳಿಗೆ

ತೊಂದರೆ ಒಂದೇ ದಿನ ಶುರುವಾಗಲಿಲ್ಲ. ಎರಡು ವರ್ಷ ಚೆನ್ನಾಗಿಯೇ ಇತ್ತು. ಆಮೇಲೆ ಬೋರ್‌ವೆಲ್ ಕೊರೆಸಿದ್ದು ಫೇಲ್ ಆಯಿತು. ಟ್ರ್ಯಾಕ್ಟರ್ ಸಾಲ ಇತ್ತು. ಕಬ್ಬಿನ ಬಿಲ್ಲು ತಡವಾಯಿತು. ಮನೆಯಲ್ಲಿ ಮಾತು ಕಡಿಮೆಯಾಯಿತು, ಬೈಗುಳ ಜಾಸ್ತಿ ಆಯಿತು. ಪಡಸಾಲೆಯಲ್ಲಿ ಮಲಗುತ್ತಿದ್ದ ಅವ್ವನ ಹಾಸಿಗೆ ದನದ ಕೊಟ್ಟಿಗೆಯ ಪಕ್ಕದ ಖೋಲಿಗೆ ಹೋಯಿತು. ಮಕ್ಕಳ ಓದಿಗೆ ಜಾಗ ಬೇಕು ಅಂತ ಕಾರಣ ಕೊಟ್ಟರು, ಅದೂ ನಿಜವೇ. ಊಟ ಡಬ್ಬಿಯಲ್ಲಿ ಬರತೊಡಗಿತು. ಅವ್ವ ಹೇಳಿದ್ದು: "ರೊಟ್ಟಿ ಕೊಡ್ತಾರ್ರಿ, ಇಲ್ಲ ಅಂದ್ರ ಸುಳ್ಳಾಗ್ತೈತಿ. ಡಬ್ಬಿ ಕಟ್ಟಿ ಮ್ಯಾಲ ಇಟ್ಟು ಹೋಗ್ತಾರ. ನಾಯಿಗಾದ್ರೂ ಬಾ ಅಂತಾರಲ್ರಿ."

2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಶುರುವಾಯಿತು. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅಂತ ಅವ್ವನ ಹೆಸರಿತ್ತು, ಹಾಗಾಗಿ ತಿಂಗಳಿಗೆ 2,000 ಅವಳ ಖಾತೆಗೆ. ಎಟಿಎಂ ಕಾರ್ಡ್ ಮಗನ ಕಿಸೆಯಲ್ಲಿ. ಜಗಳ ಬಹಿರಂಗವಾಗಿದ್ದು ಈ ಎರಡು ಸಾವಿರಕ್ಕೆ. ಮೂರೂಕಾಲು ಎಕರೆ ಹೊಲ ಕೊಟ್ಟಾಗ ಒಂದು ಮಾತಾಡದ ಅವ್ವ ಎಟಿಎಂ ಕಾರ್ಡಿಗೆ ಕಟ್ಟೆಯ ಮೇಲೆ ನಿಂತು ಕೂಗಾಡಿದಳು. ನನಗೆ ಇದು ವಿಚಿತ್ರ ಅನಿಸಲಿಲ್ಲ. ಹೊಲ ಅವಳು ಕೊಟ್ಟದ್ದು. ಕಾರ್ಡು ಅವರು ತೆಗೆದುಕೊಂಡದ್ದು.

ಇನ್ನು ಬಿಪಿ ಗುಳಿಗೆ. ಅವ್ವ ಮೊದಲ ಸಲ ನನ್ನ ಆಫೀಸಿಗೆ ಬಂದಾಗ ಸೀರೆಯ ಸೆರಗಿನ ಗಂಟು ಬಿಚ್ಚಿ ಒಂದು ಚೂರು ಗುಳಿಗೆ ಪಟ್ಟಿ ತೆಗೆದು ಟೇಬಲ್ ಮೇಲಿಟ್ಟಳು. ಹತ್ತು ಗುಳಿಗೆಯ ಪಟ್ಟಿಯಿಂದ ಕತ್ತರಿಯಲ್ಲಿ ಕತ್ತರಿಸಿದ ಎರಡು ಗುಳಿಗೆ. ಗುಳಿಗೆಯ ಹೆಸರು ಅರ್ಧ ಇತ್ತು, ತಾರೀಕು ಇರಲಿಲ್ಲ. ಅಂಚು ಚೂಪಾಗಿತ್ತು. ಎರಡು ಬಂದರೆ ನಾಲ್ಕು ದಿನ, ದಿನ ಬಿಟ್ಟು ದಿನ. ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ "ಸುಗ್ಗಿ ಮುಗೀಲಿ" ಅಂತ ಎರಡು ಸುಗ್ಗಿ ಮುಂದೆ ಹೋಗಿತ್ತು.

ಏನೇನು ಮಾಡಿ ನೋಡಿದರು

ಮೊದಲು ಹಿರಿಯರ ಪಂಚಾಯ್ತಿ. ಗುಡಿ ಕಟ್ಟೆಯ ಮೇಲೆ ಐದು ಜನ ಕೂತರು. ಸಣ್ಣ ಮಗ ಎಲ್ಲರ ಕಾಲಿಗೆ ಬಿದ್ದು ಇನ್ನು ಮೇಲೆ ಹಾಗೆ ಮಾಡುವುದಿಲ್ಲ ಅಂದ. ಒಂದು ಯುಗಾದಿ ದಾಟುವವರೆಗೆ ನಡೆಯಿತು. ಆಮೇಲೆ ಪೊಲೀಸ್ ಸ್ಟೇಷನ್, ಅಲ್ಲಿ ಬುದ್ಧಿ ಹೇಳಿ ಕಳಿಸಿದರು.

ಈ ಹೊತ್ತಿಗೆ ಪುಣೆಯಿಂದ ದೊಡ್ಡ ಮಗ ಬಂದ. ಅವ್ವನನ್ನು ನನ್ನ ಹತ್ತಿರ ಕರೆದುಕೊಂಡು ಬಂದವನು ಅವನೇ. ನೀಟಾಗಿ ಫೈಲ್ ಮಾಡಿದ್ದ. ಫೋಟೋ, ಬಕ್ಷೀಸ ಪತ್ರದ ನಕಲು, ಉತಾರ. ಬೇಡಿಕೆಯೂ ಸ್ಪಷ್ಟ: ಪತ್ರ ರದ್ದಾಗಬೇಕು, ತಮ್ಮ ಮತ್ತು ಅವನ ಹೆಂಡತಿ ಮನೆ ಬಿಡಬೇಕು. ನಾನು ತಲೆ ಆಡಿಸಿ ಬರೆದುಕೊಂಡೆ. ಇದು ನನ್ನ ಮೊದಲ ತಪ್ಪು. ಅರ್ಜಿದಾರಳು ಎದುರಿಗೇ ಕೂತಿದ್ದಳು, ನಾನು ಪಕ್ಕದ ಕುರ್ಚಿಯವನನ್ನು ಕೇಳುತ್ತಿದ್ದೆ.

ಕಾನೂನು ಇದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ. ಉಪವಿಭಾಗಾಧಿಕಾರಿ, ಅಂದರೆ ನಮ್ಮ ಬಾಯಲ್ಲಿ ಎಸಿ ಸಾಹೇಬರು, ಅವರೇ ಅಲ್ಲಿ ನ್ಯಾಯಮಂಡಳಿ. ಮೇಲ್ಮನವಿ ಡಿಸಿ ಹತ್ತಿರ. ಕಾಯ್ದೆಯ 17ನೇ ಕಲಂ ವಕೀಲರನ್ನು ಹೊರಗಿಡುತ್ತದೆ, ಮನೆಯ ಜಗಳ ಕೋರ್ಟಿನ ಜಗಳ ಆಗಬಾರದು ಅಂತ. ಹಾಗಾಗಿ ನಾನು ಅರ್ಜಿ ಬರೆದುಕೊಟ್ಟು ಹೊರಗೆ ಬೆಂಚಿನ ಮೇಲೆ ಕೂರುವವನು. ಅದೂ ಒಳ್ಳೆಯದೇ ಆಯಿತು, ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.

23ನೇ ಕಲಂ ಹೇಳುವುದು ಹೀಗೆ. ಹಿರಿಯರು ತಮ್ಮನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದು, ತೆಗೆದುಕೊಂಡವನು ನೋಡಿಕೊಳ್ಳದೆ ಹೋದರೆ, ಆ ಆಸ್ತಿಯನ್ನು ಮೋಸದಿಂದ, ಒತ್ತಾಯದಿಂದ ಅಥವಾ ಅನುಚಿತ ಪ್ರಭಾವದಿಂದ ಪಡೆದದ್ದು ಅಂತ ತಿಳಿಯಬೇಕು. ಆಗ ಹಿರಿಯರು ಬಯಸಿದರೆ ಪತ್ರ ರದ್ದು.

ಈ ಮಾತನ್ನು ಎರಡು ಸಲ ಓದಿ. ಕೊಟ್ಟ ದಿನ ಮೋಸ ಇರಲಿಲ್ಲ. ಹೋಳಿಗೆ ಮಾಡಿದ್ದರು. ಐದು ವರ್ಷದ ಮೇಲೆ ಗುಳಿಗೆ ತರದೇ ಇದ್ದದ್ದಕ್ಕೆ ಕಾನೂನು ಹಿಂದಕ್ಕೆ ಹೋಗಿ ಆ ದಿನವನ್ನೇ ಮೋಸದ ದಿನ ಅನ್ನುತ್ತದೆ. ಪ್ರೀತಿ ಕಡಿಮೆಯಾಯಿತು ಅನ್ನುವುದಕ್ಕೆ ಕಾನೂನಿನ ಹತ್ತಿರ ಶಬ್ದ ಇಲ್ಲ. ಇರುವ ಶಬ್ದ ಮೋಸ, ಒತ್ತಾಯ, ಪ್ರಭಾವ. ಅದನ್ನೇ ಎರವಲು ತಂದು ಹಾಕಿದ್ದಾರೆ.

ಅರ್ಜಿಯನ್ನು ಓದಿ ಹೇಳುವಾಗ ಇಲ್ಲಿಗೆ ಬಂದ ಕೂಡಲೇ ಅವ್ವ ಕೈ ಅಡ್ಡ ಹಿಡಿದಳು.

"ಅದನ್ನ ತಗೀರಿ. ಅವ ಮೋಸ ಮಾಡಿಲ್ಲ. ನಾನ ಕೊಟ್ಟೇನಿ."

"ಅವ್ವಾ, ಕಾನೂನಿನ ಭಾಷೆ ಹಾಗೆ ಇದೆ."

"ಇರಲಿ. ಮಗ ಮೋಸ ಮಾಡ್ಯಾನ ಅಂತ ಬರದ್ರ ನಾ ಹೆಬ್ಬಟ್ಟ ಒತ್ತಂಗಿಲ್ಲ. ನೋಡಕೊಳ್ಳವಲ್ಲ ಅಂತ ಬರೀರಿ. ಅದು ಖರೇ ಐತಿ."

ದೊಡ್ಡ ಮಗನಿಗೆ ಸಿಟ್ಟು ಬಂತು. ನನಗೂ ಸ್ವಲ್ಪ ಬಂತು, ಟೈಪ್ ಮಾಡಿಯಾಗಿತ್ತು. ಕೊನೆಗೆ "ಕಾಯ್ದೆಯಲ್ಲಿ ಹೇಳಿದಂತೆ ಪತ್ರ ರದ್ದುಪಡಿಸಬೇಕು" ಅಂತಷ್ಟೇ ಬರೆದು, ಮೋಸ ಅನ್ನುವ ಶಬ್ದ ತೆಗೆದು, 2024ರ ಜುಲೈನಲ್ಲಿ ಅರ್ಜಿ ಹಾಕಿಸಿದೆವು. ಅದರಲ್ಲಿ ರದ್ದತಿ ಮೊದಲು, ತಿಂಗಳ ಜೀವನಾಂಶ ಆಮೇಲೆ. ಇದು ಎರಡನೇ ತಪ್ಪು. ಗುಳಿಗೆ ಬೇಕಾದವಳಿಗೆ ಗುಳಿಗೆಯ ದುಡ್ಡು ಮೊದಲು ಕೇಳಬೇಕಿತ್ತು ಅಲ್ವಾ. ವಿಚಾರಣೆ ನಡೆಯುತ್ತಿರುವಾಗಲೇ ಮಧ್ಯಂತರ ಜೀವನಾಂಶ ಕೊಡಿಸಲು ಕಾಯ್ದೆಯಲ್ಲಿ ಅವಕಾಶ ಇದೆ. ನಾವು ಅದನ್ನು ಒತ್ತಿ ಕೇಳಿದ್ದು ಎರಡು ತಿಂಗಳ ಮೇಲೆ.

"ಬಂದಿದ್ದು" ಅಂದರೆ ಏನು

ಸಣ್ಣ ಮಗನ ತಕರಾರು ಅರ್ಜಿ ಯಾರೋ ತಿಳಿದವರು ಬರೆದುಕೊಟ್ಟದ್ದು. ಎರಡೇ ಪುಟ. ಪತ್ರದಲ್ಲಿ ಷರತ್ತು ಇಲ್ಲ. ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ ಅಂತ ಇದೆ. ಪ್ರತಿಫಲ ಇಲ್ಲದೆ ಕೊಡುವುದೇ ಬಕ್ಷೀಸು ಅಂತ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 122ನೇ ಕಲಂ ಹೇಳುತ್ತದೆ. ಕೊಟ್ಟ ಮೇಲೆ ಮನಸ್ಸು ಬದಲಾಯಿತು ಅಂತ ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ. ಜೊತೆಗೆ ಸುಪ್ರೀಂ ಕೋರ್ಟಿನ 2022ರ ಡಿಸೆಂಬರ್ ತೀರ್ಪು: 23ನೇ ಕಲಂ ಅನ್ವಯಿಸಬೇಕಾದರೆ ನೋಡಿಕೊಳ್ಳುವ ಷರತ್ತು ಇತ್ತು ಅಂತ ತೋರಿಸಬೇಕು. ಮನೆಯವರಿಗೆ ಪ್ರೀತಿಯಿಂದ ಆಸ್ತಿ ಕೊಡುವಾಗ ಎಷ್ಟೋ ಸಲ ಹಿರಿಯರು ಏನನ್ನೂ ತಿರುಗಿ ಬಯಸಿರುವುದಿಲ್ಲ ಅಂತಲೂ ಆ ತೀರ್ಪಿನಲ್ಲಿದೆ.

ಇದನ್ನು ಅವ್ವನಿಗೆ ತಿಳಿಸಿ ಹೇಳಬೇಕಾಯಿತು. "ಪ್ರೀತಿಯಿಂದ ಅಂತ ಬರೆಸಿದ್ದೇ ನಿನಗೆ ತೊಡಕಾಗಿದೆ" ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತ ಸಿಟ್ಟಿಲೆ ಕೊಟ್ಟೇನಿ ಅಂತ ಬರಸಬೇಕಿತ್ತೇನ್ರಿ?" ಅಂದಳು.

ನಮ್ಮ ವಾದ ಆ ಒಂದು ಸಾಲಿನ ಮೇಲೆ ನಿಂತಿತು: "ಸೇವೆ ಚಾಕರಿ ಮಾಡುತ್ತಾ ಬಂದಿದ್ದು." ಸೇವೆ ಮಾಡುತ್ತಾನೆ ಅಂತಲೇ ಕೊಟ್ಟದ್ದು, ಮುಂದೆಯೂ ಮಾಡಲಿ ಅನ್ನುವುದು ಅದರಲ್ಲೇ ಇದೆ ಅಂತ ನಾವು. ಬಂದಿದ್ದು ಅಂದರೆ ಆಗಿಹೋದ ಕಾಲ, ಹಿಂದಿನ ಸೇವೆಗೆ ಸಂತೋಷಪಟ್ಟು ಕೊಟ್ಟದ್ದು, ಮುಂದಿನ ಮಾತು ಇದರಲ್ಲಿ ಎಲ್ಲಿದೆ ಅಂತ ಅವರು. ವ್ಯಾಕರಣದ ಪ್ರಕಾರ ಅವರದೇ ಸರಿ, ನಾನು ಒಪ್ಪುತ್ತೇನೆ. ಬಾಂಡ್ ರೈಟರ್ ನಮೂನೆಯಲ್ಲಿ ಮುಂದಿನ ಕಾಲದ ಒಂದು ಕ್ರಿಯಾಪದ ಇದ್ದಿದ್ದರೆ ಈ ಏಳು ತಿಂಗಳು ಉಳಿಯುತ್ತಿತ್ತು. ಆದರೆ ಯೋಚಿಸಿ, ಕಚೇರಿಯಲ್ಲಿ ಮಗನ ಎದುರು ನಿಂತು "ನನ್ನನ್ನು ನೋಡಿಕೊಳ್ಳದಿದ್ದರೆ ವಾಪಸ್ ಅಂತ ಸೇರಿಸಿ" ಅಂತ ಯಾವ ತಾಯಿ ಹೇಳುತ್ತಾಳೆ? ಹೇಳಿದರೆ ಅನುಮಾನ ಪಟ್ಟಂತೆ. ಹೇಳದಿದ್ದರೆ ಷರತ್ತು ಇಲ್ಲ.

ಸೊಸೆಯ ಮಾತೂ ಇಲ್ಲಿ ಬರಬೇಕು. ಅವಳನ್ನು ಎಲ್ಲರೂ ಬೈದರು, ನಾನೂ ಮೊದಲು ಅವಳೇ ಮೂಲ ಅಂದುಕೊಂಡಿದ್ದೆ. ಒಂದು ದಿನ ಕಚೇರಿ ಹೊರಗೆ ಅದೇ ಬೆಂಚಿನ ಮೇಲೆ ಅವಳೂ ಕೂತಿದ್ದಳು. ಮೂರು ಎಮ್ಮೆ, ಇಬ್ಬರು ಮಕ್ಕಳು, ಹೊಲದ ಆಳುಗಳ ಬುತ್ತಿ. "ರೊಟ್ಟಿ ಬಡಿಯೋದು ನಾನು, ಸೇವಾ ಮಾಡಲಿಲ್ಲ ಅಂತ ಹೆಸರು ಅವರದು" ಅಂದಳು. ಕಾನೂನಿನ ಲೆಕ್ಕದಲ್ಲಿ ಅವಳು ಎಲ್ಲೂ ಇಲ್ಲ. 2007ರ ಕಾಯ್ದೆಯಲ್ಲಿ ಮಕ್ಕಳು ಅಂದರೆ ಮಗ, ಮಗಳು, ಮೊಮ್ಮಕ್ಕಳು. ಸೊಸೆ, ಅಳಿಯನನ್ನೂ ಸೇರಿಸಲು 2019ರಲ್ಲಿ ತಿದ್ದುಪಡಿ ಮಸೂದೆ ತಂದಿದ್ದರು, ಅದು ಕಾಯ್ದೆ ಆಗಲಿಲ್ಲ. ಅಂದರೆ ಹೊಣೆ ಮಗನದು, ಕೆಲಸ ಸೊಸೆಯದು. ಇನ್ನು ದೊಡ್ಡ ಮಗ ಕೇಳಿದ ಹಾಗೆ ಅವಳನ್ನು ಹೊರಗೆ ಹಾಕಿಸುವುದೂ ಸುಲಭ ಇರಲಿಲ್ಲ. ಹಿರಿಯರ ಕಾಯ್ದೆ ತೋರಿಸಿ, ಕೌಟುಂಬಿಕ ಹಿಂಸೆ ಕಾಯ್ದೆ ಸೊಸೆಗೆ ಕೊಟ್ಟಿರುವ ವಾಸದ ಹಕ್ಕನ್ನು ಸುಮ್ನೆ ಅಳಿಸಿ ಹಾಕಲು ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಬೆಂಗಳೂರಿನದೇ ಒಂದು ಪ್ರಕರಣದಲ್ಲಿ ಹೇಳಿದೆ.

ತಿರುವು

ನವೆಂಬರಿನಲ್ಲಿ ಸಂಧಾನಕ್ಕೆ ಕಳಿಸಿದರು. ಮೊದಲ ಎರಡು ಸಲ ಏನೂ ಆಗಲಿಲ್ಲ, ದೊಡ್ಡ ಮಗನೇ ಎಲ್ಲ ಮಾತಾಡಿದ. ಮೂರನೇ ಸಲ ಅವನಿಗೆ ರಜೆ ಸಿಗಲಿಲ್ಲ. ನಾನು ಬೆಂಚಿನ ಮೇಲೆ. ಒಳಗೆ ಅವ್ವ, ಸಣ್ಣ ಮಗ, ಸಂಧಾನಾಧಿಕಾರಿ ಮೂವರೇ. ನಡೆದದ್ದನ್ನು ಆಮೇಲೆ ಇಬ್ಬರೂ ಬೇರೆಬೇರೆಯಾಗಿ ಹೇಳಿದರು, ಎರಡೂ ಹೆಚ್ಚುಕಡಿಮೆ ಹೊಂದುತ್ತದೆ.

ನಿನಗೆ ಏನು ಬೇಕವ್ವ ಅಂತ ಅಧಿಕಾರಿ ಕೇಳಿದರು. ನಾಲ್ಕು ತಿಂಗಳಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಅವಳಿಗೆ ಕೇಳಿದವರು ಅವರೊಬ್ಬರೇ. ಹೊಲ ಬೇಡ ಅಂದಳು. ವಾಪಸ್ ಬಂದರೂ ನೇಗಿಲು ಹಿಡಿಯುವವನು ಅವನೇ, ದೊಡ್ಡವನು ಮಾರಿಬಿಡುತ್ತಾನೆ ಅಂದಳು. ಎಟಿಎಂ ಕಾರ್ಡ್ ಬೇಕು. ಕಣ್ಣಿನ ಆಪರೇಷನ್ ಆಗಬೇಕು. ಖೋಲಿಗೆ ಒಳಗಿನಿಂದ ಹಾಕುವ ಚಿಲಕ ಬೇಕು. ಆಮೇಲೆ ಸೆರಗಿನ ಗಂಟು ಬಿಚ್ಚಿ ಅದೇ ಎರಡು ಗುಳಿಗೆಯ ಚೂರು ಇಟ್ಟಳು. ಇದನ್ನು ಕತ್ತರಿಸಬೇಡ, ಪೂರ್ತಿ ಪಟ್ಟಿ ತಾ, ಅಂತ ಮಗನಿಗೆ ಹೇಳಿದಳು.

ಮಗ ಅತ್ತನಂತೆ. ಹಾಗಂತ ಅವ್ವ ಹೇಳಿದ್ದು. ಅವನು ಹೇಳಿದ್ದು: "ಕಿಸೆದಾಗ ಅಷ್ಟ ಇರ್ತಿತ್ರಿ. ಅಣ್ಣ ಫೋನಿನ್ಯಾಗ ಪ್ರೀತಿ ಮಾಡ್ತಾನ, ನಾ ಕಿಸೇದಾಗಿಂದ ಮಾಡಬೇಕು."

ಅಷ್ಟಾದರೂ ಅವತ್ತು ಸಹಿ ಆಗಲಿಲ್ಲ. ಮನೆಗೆ ಹೋಗಿ ಯಾರ್‍ಯಾರೋ ಏನೇನೋ ಹೇಳಿದರು, ಅವನು ಮತ್ತೆ ಬಿಗಿಯಾದ. ಅಷ್ಟರಲ್ಲಿ 2025ರ ಜನವರಿ 2ರಂದು ಸುಪ್ರೀಂ ಕೋರ್ಟ್ ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ ಬಕ್ಷೀಸ ಪತ್ರ ರದ್ದು ಮಾಡಿದ್ದು ಸರಿ ಅಂದಿತು. ಈ ಕಾಯ್ದೆ ಹಿರಿಯರ ಹಿತಕ್ಕೆ ಬಂದದ್ದು, ಉದಾರವಾಗಿ ಓದಬೇಕು, ನ್ಯಾಯಮಂಡಳಿ ಆಸ್ತಿಯ ಸ್ವಾಧೀನವನ್ನೂ ವಾಪಸ್ ಕೊಡಿಸಬಹುದು ಅಂತ. ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು, ವಾಟ್ಸಾಪಿನಲ್ಲಿ ಇನ್ನೂ ದೊಡ್ಡದಾಗಿ: ಅಪ್ಪ ಅಮ್ಮನನ್ನು ನೋಡಿಕೊಳ್ಳದಿದ್ದರೆ ಆಸ್ತಿ ವಾಪಸ್!

ನಿಜ ಹೇಳಬೇಕೆಂದರೆ ಆ ತೀರ್ಪು ನಮ್ಮ ಕೇಸಿಗೆ ಪೂರ್ತಿ ಹೊಂದುತ್ತಿರಲಿಲ್ಲ. ಅಲ್ಲಿ ಮಗ ಬೇರೆಯಾಗಿ ಒಂದು ವಚನಪತ್ರ ಬರೆದುಕೊಟ್ಟಿದ್ದ, ಕೊನೆತನಕ ನೋಡಿಕೊಳ್ಳುತ್ತೇನೆ, ಇಲ್ಲದಿದ್ದರೆ ವಾಪಸ್ ಅಂತ. ನಮ್ಮಲ್ಲಿ ಅಂಥ ಕಾಗದ ಇರಲಿಲ್ಲ. ಆದರೆ ಸಣ್ಣ ಮಗ ಹೆದರಿದ. ಅವನ ಸಲಹೆಗಾರರೂ ಹೆದರಿದರು. ಫೆಬ್ರುವರಿಯಲ್ಲಿ ರಾಜಿಗೆ ಬಂದರು. ಹೆದರಿಕೆಯಿಂದ ಬಂದ ರಾಜಿ ಅಂತ ನನಗೆ ಗೊತ್ತಿತ್ತು. ಅವ್ವನಿಗೂ ಗೊತ್ತಿತ್ತು.

ರಾಜಿಯಲ್ಲಿ ಒಂದು ತಮಾಷೆ ಆಯಿತು. ತಿಂಗಳಿಗೆ 10,000ಕ್ಕಿಂತ ಜಾಸ್ತಿ ಜೀವನಾಂಶ ಕೊಡಿಸಲು ಈ ಕಾಯ್ದೆಯ 9ನೇ ಕಲಂನಲ್ಲಿ ಬರುವುದಿಲ್ಲ. ಅದರೊಳಗೆ 8,000 ಅಂತ ಆಯಿತು. ಅದರಲ್ಲಿ 4,000 ಸಣ್ಣವನು. ಉಳಿದ 4,000? ದೊಡ್ಡ ಮಗ ಕೊಡಲಿ ಅಂದ ಕೂಡಲೇ ಅವನು ಎದ್ದು ನಿಂತ. "ಹೊಲ ಅವಗ ಹೋಗೈತಿ, ನಾ ಯಾಕ ಕೊಡಲಿ?" ಕಾನೂನು ಹಾಗೆ ಕೇಳುವುದಿಲ್ಲ. ಮಕ್ಕಳ ಹೊಣೆಗೂ ಆಸ್ತಿಗೂ ಸಂಬಂಧ ಇಲ್ಲ. ಒಂದು ಗುಂಟೆ ಸಿಗದಿದ್ದರೂ ಮಗ ಮಗನೇ. ಮಗಳೂ ಅಷ್ಟೇ. ಮದುವೆಯಾದ ಮಗಳ ಮೇಲೂ ತಂದೆತಾಯಿಯ ಹೊಣೆ ಇದೆ ಅಂತ ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿಬಿಟ್ಟಿದೆ. ಆದರೆ ಮಗಳ ಹೆಸರು ಹಾಕಲು ಅವ್ವ ಬಿಡಲಿಲ್ಲ. "ಆಕಿಗೆ ಕುಬಸದ ಅರಿವಿ ಬಿಟ್ರ ಏನ ಕೊಟ್ಟೇನಿ" ಅಂದಳು. ಕೇಸು ನಡೆಯುವಾಗ ನಾಲ್ಕು ತಿಂಗಳು ಅವ್ವನನ್ನು ಇಟ್ಟುಕೊಂಡಿದ್ದವಳು ಆ ಮಗಳೇ.

ಮತ್ತೆ ಅದೇ ಶಬ್ದ

ಆದೇಶ ಒಂದೇ ಸಾಲದು, ಹೊಲಕ್ಕೂ ಗಂಟು ಹಾಕಬೇಕು ಅಂತ ನನ್ನ ಹಟ. ನಾಳೆ ಅವನು ಹೊಲ ಮಾರಿದರೆ? ಸ್ವತ್ತು ವರ್ಗಾವಣೆ ಕಾಯ್ದೆಯ 39ನೇ ಕಲಂ, ಹಿರಿಯರ ಕಾಯ್ದೆಯ 23ನೇ ಕಲಂನ ಎರಡನೇ ಭಾಗ, ಎರಡೂ ಒಂದೇ ಮಾತು ಹೇಳುತ್ತವೆ: ಒಂದು ಆಸ್ತಿಯಿಂದ ಜೀವನಾಂಶ ಪಡೆಯುವ ಹಕ್ಕಿದ್ದರೆ, ಅದು ಗೊತ್ತಿದ್ದೂ ಕೊಂಡವನ ಮೇಲೆಯೂ ಆ ಹಕ್ಕು ನಡೆಯುತ್ತದೆ. ಗೊತ್ತಾಗಬೇಕಾದರೆ ಉತಾರದಲ್ಲಿ ಇರಬೇಕು. ಹಾಗಾಗಿ ಸಣ್ಣ ಮಗನಿಂದ ಒಂದು ಜೀವನಾಂಶ ಕರಾರು ಪತ್ರ ಬರೆಸಿ, ರಿಜಿಸ್ಟರ್ ಮಾಡಿಸಿ, ಬೇರೆಯವರ ಹಕ್ಕು, ಸಾಲ ಬರೆಯುವ 11ನೇ ಕಾಲಂಗೆ ವರ್ದಿ ಕೊಡುವುದು ಅಂತ ಆಯಿತು.

ಬರೆಯಲು ಕೂತಾಗ ಇನ್ನೊಂದು ಪೇಚು. ಮೊದಲ ಕರಡಿನಲ್ಲಿ ನಾನು ಜಗಳ, ಪಂಚಾಯ್ತಿ, ಅರ್ಜಿ ಎಲ್ಲ ವಿವರವಾಗಿ ಬರೆದಿದ್ದೆ. ಆಮೇಲೆ 1872ರ ಕರಾರು ಕಾಯ್ದೆಯ 25ನೇ ಕಲಂ ನೆನಪಾಯಿತು. ಪ್ರತಿಫಲ ಇಲ್ಲದ ಕರಾರು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ ಹತ್ತಿರದ ಸಂಬಂಧಿಕರ ನಡುವೆ, ಸಹಜ ಪ್ರೀತಿ ವಾತ್ಸಲ್ಯದಿಂದ, ಬರಹದಲ್ಲಿ, ರಿಜಿಸ್ಟರ್ ಆಗಿ ಮಾಡಿದ್ದರೆ ನಿಲ್ಲುತ್ತದೆ. ಪ್ರೀತಿ ಇದ್ದರೆ ಸಾಲದು, ನೋಂದಣಿಯೂ ಆಗಬೇಕು. ಇದರ ಮೇಲೆ 1900ರ ಕಲ್ಕತ್ತಾ ಹೈಕೋರ್ಟಿನ ಒಂದು ಹಳೆಯ ತೀರ್ಪಿದೆ, ಕಾನೂನು ಕಾಲೇಜಿನಲ್ಲಿ ಎಲ್ಲರೂ ಓದಿರುತ್ತಾರೆ. ಗಂಡ ಹೆಂಡತಿಗೆ ಜೀವನಾಂಶ ಕೊಡುತ್ತೇನೆ ಅಂತ ರಿಜಿಸ್ಟರ್ ಕರಾರು ಮಾಡಿಕೊಟ್ಟ. ಅದರಲ್ಲಿ ನಮ್ಮಿಬ್ಬರಿಗೆ ಜಗಳ, ಹೊಂದಾಣಿಕೆ ಇಲ್ಲ ಅಂತ ಬರೆಸಿದ್ದರು. ಇಷ್ಟು ಜಗಳ ಇದ್ದಲ್ಲಿ ಪ್ರೀತಿ ಎಲ್ಲಿಂದ ಬಂತು ಅಂತ ಕೋರ್ಟು ಕರಾರನ್ನೇ ತಳ್ಳಿಹಾಕಿತು. ಜಗಳ ಆದ ಹೆಂಡತಿಗೇ ಅಲ್ವಾ ಜೀವನಾಂಶ ಬೇಕಾಗಿದ್ದು! ಇರಲಿ.

ನಾನು ಜಗಳವನ್ನೆಲ್ಲ ತೆಗೆದೆ. "ತಾಯಿಯ ಮೇಲಿನ ಸಹಜ ಪ್ರೀತಿ ವಾತ್ಸಲ್ಯದಿಂದ" ಅಂತ ಹಾಕಿದೆ. ಅದೊಂದನ್ನೇ ನಂಬುವುದು ಬೇಡ ಅಂತ, ರದ್ದತಿಯ ಬೇಡಿಕೆ ಕೈಬಿಟ್ಟದ್ದೇ ಇದಕ್ಕೆ ಪ್ರತಿಫಲ ಅಂತಲೂ ಒಂದು ಸಾಲು ಸೇರಿಸಿದೆ. ಈ ಸಲ ಕ್ರಿಯಾಪದಗಳನ್ನು ಒಂದೊಂದಾಗಿ ನೋಡಿದೆ: ಕೊಡತಕ್ಕದ್ದು, ನೋಡಿಕೊಳ್ಳತಕ್ಕದ್ದು, ತಪ್ಪಿದಲ್ಲಿ ವಸೂಲಿ ಮಾಡತಕ್ಕದ್ದು. ಓದಿ ಹೇಳಿದಾಗ ಅವ್ವ ನಕ್ಕಳು. "ಮತ್ತ ಪ್ರೀತಿನ ಬರದೀರೇನ್ರಿ? ಹಿಂದ ಅದರಿಂದನ ಕೆಟ್ಟಿತ್ತಲ್ಲ."

ಏಪ್ರಿಲ್‌ನಲ್ಲಿ ರಿಜಿಸ್ಟರ್ ಆಯಿತು. ಆಕ್ಷೇಪಣೆ ಅವಧಿ ಮುಗಿದು ಹೊಸ ಉತಾರ ಬಂತು. 9ನೇ ಕಾಲಂನಲ್ಲಿ ಮಗ, 11ರಲ್ಲಿ ಅವ್ವನ ಜೀವನಾಂಶ, ಟ್ರ್ಯಾಕ್ಟರ್ ಸಾಲದ ಬೋಜಾ ಕೆಳಗೆ. ಅವ್ವ ಅದನ್ನು ಎರಡು ಸಲ ಓದಿಸಿಕೊಂಡು ಮಡಚಿ ಟ್ರಂಕಿನಲ್ಲಿಟ್ಟಳು.

ಈಗ ಯಾರಾದರೂ ಬಕ್ಷೀಸ ಪತ್ರ ಅಂತ ಬಂದರೆ ನಾನು ಹಿರಿಯರನ್ನು ಒಬ್ಬರನ್ನೇ ಒಳಗೆ ಕೂರಿಸಿ ಮಾತಾಡುತ್ತೇನೆ. ಮಕ್ಕಳು ಹೊರಗೆ. ಇವತ್ತೇ ಕೊಡುವುದು ಬೇಕಾ, ಮೃತ್ಯುಪತ್ರ ಬರೆದರೆ ಸಾಲದಾ ಅಂತ ಕೇಳುತ್ತೇನೆ. ಅದನ್ನು ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಕೊಡಲೇಬೇಕು ಅಂದರೆ ಜೀವ ಇರುವವರೆಗೆ ಅನುಭೋಗದ ಹಕ್ಕು ನನ್ನದು ಅಂತ ಉಳಿಸಿಕೊಳ್ಳಬಹುದು. ಅದೂ ಬೇಡ ಅಂದರೆ ಮೂಲಭೂತ ಸೌಕರ್ಯ, ದೈಹಿಕ ಅಗತ್ಯ ಪೂರೈಸುವ ಷರತ್ತಿನ ಮೇಲೆ ಅಂತ ಒಂದು ಸಾಲು. ಆ ಸಾಲನ್ನು ನಾನೇ ಹಾಕಿಬಿಡುತ್ತೇನೆ. ತಾಯಿಯ ಬಾಯಿಂದ ಹೇಳಿಸುವುದಿಲ್ಲ. ವಕೀಲರು ಹಾಕಿದರು, ರೂಢಿ ಹಾಗಂತೆ ಅಂದರೆ ಮಗನಿಗೂ ಬೇಸರ ಇಲ್ಲ, ತಾಯಿಗೂ ಸಂಕೋಚ ಇಲ್ಲ. ಆ ಬಾಂಡ್ ರೈಟರಿಗೂ ಹೇಳಿ ನಮೂನೆ ಬದಲಿಸಿಕೊಟ್ಟೆ. ಈಗ ಹಾಗೇ ಇಟ್ಟಿದ್ದಾರಾ, ಹಳೆಯದಕ್ಕೇ ಹೋದರಾ, ನೋಡಬೇಕು.

ಕೇಸಿನ ಮುಂದಿನ ಕಥೆ ಇಷ್ಟು. ಒಂದು ಕಣ್ಣಿನ ಆಪರೇಷನ್ ಆಗಿದೆ, ಸರ್ಕಾರಿ ಆಸ್ಪತ್ರೆಯಲ್ಲಿ, ಪುಕ್ಕಟೆ. ಕಾರ್ಡು ಅವ್ವನ ಕೈಗೆ ಬಂದಿದೆ. ಚಿಲಕ ಹಾಕಿಸಿದ್ದಾರೆ. ಗುಳಿಗೆ ಪೂರ್ತಿ ಪಟ್ಟಿ ಬರುತ್ತದೆ. ದೊಡ್ಡ ಮಗನ 4,000 ಪ್ರತಿ ತಿಂಗಳು 5ನೇ ತಾರೀಕಿಗೆ ಬ್ಯಾಂಕಿನಿಂದ ತಾನಾಗಿಯೇ ಬೀಳುತ್ತದೆ, ಅವನ ಫೋನ್ ಬರುವುದು ನಿಂತಿದೆ. ಡಬ್ಬಿ ಇನ್ನೂ ಡಬ್ಬಿಯೇ. ಆದರೆ ಸಣ್ಣ ಮೊಮ್ಮಗಳು ಈಗ ತನ್ನ ತಾಟು ತಂದು ಅವ್ವನ ಖೋಲಿಯಲ್ಲೇ ಕೂತು ಉಣ್ಣುತ್ತಾಳೆ. ಇದನ್ನು ಯಾವ ಆದೇಶದಲ್ಲೂ ಬರೆದಿರಲಿಲ್ಲ.

ಸಣ್ಣ ಮಗನ ದುಡ್ಡು ಎರಡು ತಿಂಗಳಿಂದ ಬಂದಿಲ್ಲ. ಆದೇಶದ ದುಡ್ಡು ಕಟ್ಟದಿದ್ದರೆ ವಾರಂಟ್ ಕೇಳಬಹುದು, ಒಂದು ತಿಂಗಳವರೆಗೆ ಜೈಲೂ ಇದೆ, ಆದರೆ ಬಾಕಿಯಾದ ದಿನದಿಂದ ಮೂರು ತಿಂಗಳೊಳಗೆ ಅರ್ಜಿ ಕೊಡಬೇಕು. ನಾನು ಅರ್ಜಿ ಟೈಪ್ ಮಾಡಿಸಿ ಇಟ್ಟಿದ್ದೇನೆ. ಹೋದ ವಾರ ಅವ್ವ ಬಂದಿದ್ದಳು. ಹೆಬ್ಬೆಟ್ಟಿನ ಮಸಿ ಡಬ್ಬಿ ಮುಂದಿಟ್ಟೆ. ಕಬ್ಬಿನ ಬಿಲ್ಲು ಬಂದಿಲ್ಲಂತ, ಬರಲಿ, ಇನ್ನೂ ಒಂದ ತಿಂಗಳ ಐತೆಲ್ರಿ ಅಂದಳು.